ಅಂಧರ ಮತಾಧಿಕಾರ: ಪೆಟ್ಟಿಗೆಯಿಂದ ಲಕೋಟೆಯವರೆಗೆ

ಪ್ರಜಾಪ್ರಭುತ್ವದ ವಿಷಯವಾಗಿ ನಮ್ಮ ಭಾಷೆಯಲ್ಲಿ ಅನೇಕ ಗ್ರಂಥಗಳು ಹೊರಬಂದಿವೆ. ಮತದ ಹಕ್ಕನ್ನು ಯಾರು ಪಡೆದರು, ಎಂದು ಪಡೆದರು ಎಂಬ ವೃತ್ತಾಂತವು ಅವುಗಳಲ್ಲಿ ವಿಸ್ತಾರವಾಗಿ ನಿರೂಪಿತವಾಗಿದೆ. ಆದರೆ ಹಕ್ಕನ್ನು ಪಡೆದವನು ಆ ಮತವನ್ನು ಯಾರ ಕೈಯಿಂದ ಹಾಕಿದನು, ಯಾರ ಕಣ್ಣಿನಿಂದ ನೋಡಿ ಹಾಕಿದನು ಎಂದು ಕೇಳಿದವರು ವಿರಳ. ಹುಟ್ಟಿನಿಂದಲೋ ವ್ಯಾಧಿಯಿಂದಲೋ ವಾರ್ಧಕ್ಯದಿಂದಲೋ ದೃಷ್ಟಿಯನ್ನು ಕಳೆದುಕೊಂಡವರ ವಿಷಯದಲ್ಲಿ ಇದೇ ಮುಖ್ಯವಾದ ಪ್ರಶ್ನೆ. 2011ರ ಜನಗಣತಿಯಂತೆ ಭಾರತದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ. ಕರ್ನಾಟಕವೊಂದರಲ್ಲಿಯೇ ಸುಮಾರು 2 ಲಕ್ಷ 64 ಸಾವಿರ. ಮತಗಟ್ಟೆಗೆ ಬರಲಾರದವರು ಮನೆಯಲ್ಲಿದ್ದುಕೊಂಡೇ ಮತ ಹಾಕಬಹುದೆಂಬ ಏರ್ಪಾಡು ಈಚೆಗೆ ನಮ್ಮ ದೇಶದಲ್ಲಿ ಬಂದಿದೆ. ಇದರಿಂದ ಅಂಧರಿಗೆ ಆದ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ಚರಿತ್ರೆಯ ದೃಷ್ಟಿಯಿಂದ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ವಿಚಾರದ ಸೌಕರ್ಯಕ್ಕಾಗಿ ಮತದಾನಕ್ಕೆ ಮೂರು ಅಂಗಗಳುಂಟೆಂದು ಇಟ್ಟುಕೊಳ್ಳೋಣ. ಕಣದಲ್ಲಿರುವವರು ಯಾರು ಯಾರು, ಅವರ ಹೆಸರು ಯಾವ ಸ್ಥಾನದಲ್ಲಿದೆ ಎಂದು ತಿಳಿಯುವುದು ಜ್ಞಾನ. ತಾನು ನಿಶ್ಚಯಿಸಿದವನಿಗೆ ತನ್ನ ಕೈಯಿಂದಲೇ ಗುರುತು ಹಾಕುವುದು ಕ್ರಿಯೆ. ಹಾಗೆ ಹಾಕಿದ್ದನ್ನು ಅನ್ಯರು ಅರಿಯದಂತೆ ಕಾಪಾಡುವುದು ಗೋಪನ. ಈ ಮೂರೂ ಕೂಡಿದಲ್ಲಿ ಮತವು ಪೂರ್ಣ. ಒಂದು ಲೋಪವಾದರೂ ಅದು ಅಷ್ಟರಮಟ್ಟಿಗೆ ಊನ. ಕಣ್ಣುಳ್ಳವರಿಗೆ ಈ ಮೂರು ಅಂಗಗಳು ಅನಾಯಾಸವಾಗಿ ಒದಗುವುದರಿಂದ ಅವುಗಳ ಬೆಲೆ ನಮಗೆ ತೋರುವುದಿಲ್ಲ.

ನಮ್ಮ ದೇಶದಲ್ಲಿ ಬಹುಮತದಿಂದ ನಿರ್ಣಯಿಸುವ ಪದ್ಧತಿಯು ಹೊಸದಲ್ಲ. ಪಾಳಿಯ ವಿನಯಪಿಟಕದ ಚುಲ್ಲವಗ್ಗದಲ್ಲಿ, ಭಿಕ್ಷುಸಂಘದೊಳಗೆ ಭಿನ್ನಾಭಿಪ್ರಾಯ ಬಂದಾಗ ಶಲಾಕೆಗಳನ್ನು, ಎಂದರೆ ಸಣ್ಣ ಕಡ್ಡಿಗಳನ್ನು, ಹಂಚಿ ಎಣಿಸುವ ಕ್ರಮವು ಹೇಳಿದೆ. ಅದರಲ್ಲಿ ಮೂರು ಬಗೆ. ಗೂಳ್ಹಕವೆಂಬುದು ಗುಪ್ತವಾದುದು, ವಿವಟಕವೆಂಬುದು ಬಹಿರಂಗವಾದುದು, ಸಕಣ್ಣಜಪ್ಪಕವೆಂಬುದು ಕಿವಿಯಲ್ಲಿ ಪಿಸುಗುಟ್ಟಿ ನಡೆಸತಕ್ಕದ್ದು. ಗುಪ್ತವಾದ ಬಗೆಯಲ್ಲಿ ಒಂದೊಂದು ಪಕ್ಷಕ್ಕೆ ಒಂದೊಂದು ಬಣ್ಣದ ಕಡ್ಡಿಯನ್ನು ಗೊತ್ತುಮಾಡಿ, ತೆಗೆದುಕೊಂಡುದನ್ನು ಯಾರಿಗೂ ತೋರಿಸಕೂಡದೆಂದು ವಿಧಿಸಿದೆ. ಗೋಪನದ ಬೆಲೆಯನ್ನು ಅರಿತಿದ್ದ ಆ ಕಾಲದವರ ಸೂಕ್ಷ್ಮಬುದ್ಧಿಯನ್ನು ಮೆಚ್ಚಬೇಕು. ಆದರೆ ಬಣ್ಣದಿಂದ ಭೇದವನ್ನು ಸೂಚಿಸುವ ಕಡ್ಡಿಯು ಕಾಣದವನ ಬೆರಳಿಗೆ ಬರಿಯ ಕಡ್ಡಿಯಷ್ಟೆ. ಅಂಥವನಿಗೆ ಮೂರನೆಯ ಬಗೆಯೇ, ಕಿವಿಯಲ್ಲಿ ಪಿಸುಗುಟ್ಟುವುದೇ, ಗತಿ. ಅಂಧರ ಮತಚರಿತ್ರೆಯೆಲ್ಲ ಈ ಪಿಸುಗುಟ್ಟುವಿಕೆಯಿಂದ ಬಿಡುಗಡೆ ಹೊಂದುವ ಪ್ರಯತ್ನವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಧರ್ಮಶಾಸ್ತ್ರಕಾರರು ಅಂಧರನ್ನು ಹೇಗೆ ಕಂಡರೆಂಬುದೂ ಇಲ್ಲಿ ಸ್ಮರಣಾರ್ಹ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಜಾತ್ಯಂಧನಿಗೆ ಪಿತ್ರಾರ್ಜಿತದಲ್ಲಿ ಅಂಶವಿಲ್ಲವೆಂದು ಹೇಳಿ, ಅದರ ಬೆನ್ನಲ್ಲಿಯೇ ಅವನಿಗೆ ಗ್ರಾಸಾಚ್ಛಾದನವನ್ನು, ಅಂದರೆ ಅನ್ನವಸ್ತ್ರಗಳನ್ನು, ತಪ್ಪದೆ ಕೊಡತಕ್ಕದ್ದೆಂದು ವಿಧಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕುರುಡನನ್ನು ಚೆಲುವಾದ ಕಣ್ಣುಳ್ಳವನೆಂದು ಹಾಸ್ಯಮಾಡಿದವನಿಗೆ 12 ಪಣ ದಂಡ. ದಯೆಗೆ ಕೊರತೆಯಿರಲಿಲ್ಲ; ಕೊರತೆಯಿದ್ದುದು ಅಂಶಕ್ಕೆ. ಧೃತರಾಷ್ಟ್ರನು ಜ್ಯೇಷ್ಠನಾಗಿದ್ದರೂ ಅಂಧನೆಂಬ ಕಾರಣದಿಂದಲೇ ರಾಜ್ಯವು ಪಾಂಡುವಿಗೆ ಹೋದುದನ್ನು ವಾಚಕರೆಲ್ಲರೂ ಬಲ್ಲರು. ಬ್ರಿಟಿಷ್ ಇಂಡಿಯದಲ್ಲಿ 1928ರ ಒಂದು ಕಾನೂನಿನಿಂದ ಹಿಂದೂ ದಾಯಭಾಗದಲ್ಲಿದ್ದ ಈ ಬಹಿಷ್ಕಾರವು ತೊಲಗಿತು. ಅನ್ನವನ್ನು ಕೊಡುವುದು ಬೇರೆ, ಅಂಶವನ್ನು ಕೊಡುವುದು ಬೇರೆ ಎಂಬ ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಮುಂದೆ ಇದರಿಂದ ಪ್ರಯೋಜನವುಂಟು.

ಇನ್ನು ಆಧುನಿಕ ಕಾಲಕ್ಕೆ ಬರೋಣ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ನೆಯ ಇಸವಿಯಲ್ಲಿ, ಪ್ರಜಾಪ್ರತಿನಿಧಿ ಸಭೆಯು ಮೊದಲು ಸೇರಿತು. ಅದಕ್ಕೆ 144 ಮಂದಿ ಸದಸ್ಯರು. ಅವರು ಚುನಾಯಿತರಲ್ಲ; ಚುನಾವಣೆಯ ಕ್ರಮವು ಅಲ್ಲಿಗೆ ಬಂದುದು ಹತ್ತು ವರ್ಷಗಳ ತರುವಾಯ, 1891ರಲ್ಲಿ. ಆಗಲೂ ಕಂದಾಯ ಮೊದಲಾದ ಯೋಗ್ಯತೆಗಳುಳ್ಳವರಿಗೆ ಮಾತ್ರ ಮತವಿತ್ತು. ಆಗ ಕಡೂರು ಜಿಲ್ಲೆಯೆಂಬ ಹೆಸರಿನಿಂದ ಪ್ರಸಿದ್ಧವಾಗಿದ್ದ ನಮ್ಮ ಈ ಮಲೆನಾಡಿನಲ್ಲಿ ಮತವುಳ್ಳವರು ಬೆರಳೆಣಿಕೆಯ ಗೃಹಸ್ಥರು. ಅಂಧರ ಪ್ರಶ್ನೆಯು ಅಂದು ಯಾರ ಮನಸ್ಸಿನಲ್ಲಿಯೂ ಸುಳಿದಿರಲಾರದು.

ಇಂಗ್ಲೆಂಡಿನಲ್ಲಾದರೋ 1872ರ ಕಾನೂನಿನಿಂದ ಗುಪ್ತಮತದಾನವು ಸ್ಥಾಪಿತವಾಯಿತು. ಅದಕ್ಕೆ ಮೊದಲು ಎಲ್ಲರೂ ಎಲ್ಲರೆದುರಿಗೆ ಬಾಯಿಬಿಟ್ಟು ಮತ ಹೇಳುತ್ತಿದ್ದುದರಿಂದ ಕಣ್ಣುಳ್ಳವನಿಗೂ ಇಲ್ಲದವನಿಗೂ ಭೇದವಿರಲಿಲ್ಲ. ಕಾಗದದ ಮೇಲೆ ಗುರುತು ಹಾಕುವ ಪದ್ಧತಿ ಬಂದ ದಿನವೇ ಅಂಧನು ಬೇರೆಯಾದನು. ಅವನ ಪರವಾಗಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯು ಅಭ್ಯರ್ಥಿಗಳ ಏಜೆಂಟರ ಸಮಕ್ಷಮದಲ್ಲಿ ಗುರುತು ಹಾಕತಕ್ಕದ್ದೆಂದು ಅದೇ ಕಾನೂನು ವಿಧಿಸಿತು. ಸರ್ವರಿಗೂ ಗೋಪನವನ್ನು ಕೊಟ್ಟ ಶಾಸನವೇ ಒಂದು ವರ್ಗದವರಿಂದ ಅದನ್ನು ಕಸಿದುಕೊಂಡಿತು. ತಾನು ನಂಬಿದ ಸಂಗಾತಿಯೊಬ್ಬನನ್ನು ಅಂಧನು ಕರೆದುಕೊಂಡು ಬರಬಹುದೆಂಬ ಅನುಮತಿಯು ಆ ದೇಶದಲ್ಲಿ ದೊರೆತುದು 1933ರಲ್ಲಿ. ಎಂದರೆ ಅರವತ್ತೊಂದು ವರ್ಷಗಳ ಮೇಲೆ.

ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಯು 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆಯಿತು. ಮತದಾರರು 17 ಕೋಟಿಗೂ ಮಿಕ್ಕು. ಅವರಲ್ಲಿ ಬಹುಭಾಗ ನಿರಕ್ಷರರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರ ಕಾಲದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆಯನ್ನಿಟ್ಟು, ಅದರ ಮೇಲೆ ಅವನ ಚಿಹ್ನೆಯನ್ನು ಅಂಟಿಸುವ ಉಪಾಯವನ್ನು ಆಚರಿಸಲಾಯಿತು. ಓದಲು ಬಾರದವನು ಚಿಹ್ನೆಯನ್ನು ನೋಡಿ ಆ ಪೆಟ್ಟಿಗೆಯಲ್ಲಿ ಚೀಟಿ ಹಾಕಿದರೆ ಮುಗಿಯಿತು. ನಿರಕ್ಷರನಿಗೆ ಇದು ಮಹದುಪಕಾರ. ಆದರೆ ಸಾಲಾಗಿಟ್ಟ ಪೆಟ್ಟಿಗೆಗಳು ಕೈಗೆ ಒಂದೇ ಆಕಾರ. ಮೇಲಂಟಿಸಿದ ಎತ್ತಿನ ಜೋಡಿಯಾಗಲಿ ಗುಡಿಸಲಾಗಲಿ ಬೆರಳಿಗೆ ಒಂದೇ ಕಾಗದ. ಅಕ್ಷರವನ್ನು ತೊರೆದು ಚಿತ್ರವನ್ನು ಆಶ್ರಯಿಸಿದ ಈ ಕ್ರಮದಲ್ಲಿ ಅನ್ಯರ ಕಣ್ಣಿನ ನೆರವಿಲ್ಲದೆ ಅಂಧನು ಮತ ಹಾಕುವುದು ಅಸಾಧ್ಯವಾಗಿತ್ತು. ವಿಧಿಯ ವಿನೋದವೆಂದರೆ, ನಮ್ಮ ದೇಶದ ಭಾಷೆಗಳಿಗೆಲ್ಲ ಏಕರೂಪವಾದ ಭಾರತಿ ಬ್ರೈಲ್ ಲಿಪಿಯು ನಿಶ್ಚಿತವಾದುದೂ ಅದೇ 1951ರಲ್ಲಿ. ಬೆರಳಿನಿಂದ ಓದುವ ಅಕ್ಷರವೂ ಕಣ್ಣಿನಿಂದ ನೋಡುವ ಪೆಟ್ಟಿಗೆಯೂ ಒಂದೇ ವರ್ಷದಲ್ಲಿ ಹುಟ್ಟಿ, ಅರ್ಧಶತಮಾನ ಕಾಲ ಒಂದನ್ನೊಂದು ಸಂಧಿಸಲಿಲ್ಲ.

1962ರ ಮಹಾಚುನಾವಣೆಯ ವೇಳೆಗೆ ಪೆಟ್ಟಿಗೆಗಳ ಸಾಲು ಹೋಗಿ, ಎಲ್ಲ ಹೆಸರುಗಳೂ ಚಿಹ್ನೆಗಳೂ ಇರುವ ಒಂದೇ ಕಾಗದದ ಮೇಲೆ ಮುದ್ರೆಯೊತ್ತುವ ಕ್ರಮ ಬಂದಿತು. 1961ರ ಚುನಾವಣಾ ನಿಯಮಗಳಲ್ಲಿ 40ನೆಯದು ಅಂಧರಿಗೂ ಅಶಕ್ತರಿಗೂ ಸಂಬಂಧಿಸಿದುದು. ತನ್ನೊಡನೆ ಒಬ್ಬ ವಯಸ್ಕ ಸಂಗಾತಿಯನ್ನು ಮರೆಯೊಳಕ್ಕೆ ಕರೆದೊಯ್ಯಲು ಅಂಧನಿಗೆ ಅದರಿಂದ ಅಧಿಕಾರವುಂಟು. ಸಂಗಾತಿಯು ಆ ದಿನ ಆ ಮತಗಟ್ಟೆಯಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿಗೆ ನೆರವಾಗಕೂಡದು. ತಾನು ಕಂಡುದನ್ನು ಹೊರಗೆಡಹುವುದಿಲ್ಲವೆಂದು ಲಿಖಿತ ವಚನವನ್ನು ಕೊಡಬೇಕು. ಸಂಗಾತಿಗೆ ಇರಬೇಕಾದ ಕನಿಷ್ಠ ವಯಸ್ಸು ಈಗ 18.

ಸಾಂಖ್ಯರು ಹೇಳುವ ಅಂಧಪಂಗುನ್ಯಾಯವು ಇದೇ. ಕುಂಟನು ದಾರಿ ತೋರಿಸುತ್ತಾನೆ, ಕುರುಡನು ಅವನನ್ನು ಹೊತ್ತು ನಡೆಯುತ್ತಾನೆ. ಆದರೆ ಆ ದೃಷ್ಟಾಂತದಲ್ಲಿ ಇಬ್ಬರಿಗೂ ಪ್ರಯೋಜನ ಸಮ, ಇಬ್ಬರೂ ಸೇರತಕ್ಕ ಊರು ಒಂದೇ. ಮತಗಟ್ಟೆಯ ಮರೆಯಲ್ಲಿ ಹಾಗಲ್ಲ. ಸಂಗಾತಿಗೆ ತನ್ನದೇ ಪಕ್ಷವೊಂದು ಇರಬಹುದು. ಮಹಾಭಾರತದ ಸಂಜಯನು ತನ್ನ ಒಡೆಯನಿಗೆ ಅಪ್ರಿಯವಾದುದನ್ನೂ ಇದ್ದುದಿದ್ದಂತೆ ಹೇಳಿದನು. ಎಲ್ಲರ ಮನೆಯಲ್ಲಿಯೂ ಸಂಜಯರು ಹುಟ್ಟುವುದಿಲ್ಲ. ಹುಟ್ಟಿದರೂ, ಅವನು ಸಂಜಯನೇ ಹೌದೋ ಅಲ್ಲವೋ ಎಂಬುದನ್ನು ಧೃತರಾಷ್ಟ್ರನು ಪರೀಕ್ಷಿಸುವ ಬಗೆಯೆಂತು? ಇಲ್ಲಿ ಜ್ಞಾನವು ಪರೋಕ್ಷ, ಕ್ರಿಯೆಯು ಅನ್ಯಾಧೀನ, ಗೋಪನವು ಅರ್ಧ. 1978ರ ನವೆಂಬರಿನಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ಸ್ಪರ್ಧಿಸಿ ಗೆದ್ದ ಚಿಕ್ಕಮಗಳೂರಿನ ಉಪಚುನಾವಣೆಯನ್ನು ದೇಶವೆಲ್ಲ ಕಣ್ಣರಳಿಸಿ ನೋಡಿತು. ಆ ದಿನವೂ ನಮ್ಮ ಸೀಮೆಯ ಅಂಧರು ಈ ನಿಯಮದ ಆಶ್ರಯದಲ್ಲಿಯೇ ಮತ ಹಾಕಬೇಕಾಗಿತ್ತು.

ಮಾರ್ಪಾಡು ಬಂದುದು ಯಂತ್ರದಿಂದ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಪ್ರಯೋಗಿಸಲ್ಪಟ್ಟ ವಿದ್ಯುನ್ಮಾನ ಮತಯಂತ್ರವು 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಉದ್ದಗಲಕ್ಕೂ ಹರಡಿತು. ಇದನ್ನು ನಿರ್ಮಿಸಿದವರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಒಂದೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವವರು ಅದೇ 2004ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಆ ವರ್ಷವೇ ಹೈದರಾಬಾದಿನ ಆಸಿಫ್‌ನಗರದ ಉಪಚುನಾವಣೆಯಲ್ಲಿ, ಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳನ್ನು ಮೂಡಿಸಿ ಪರೀಕ್ಷಿಸಲಾಯಿತು. 2009ರ ಲೋಕಸಭಾ ಚುನಾವಣೆಯ ವೇಳೆಗೆ ಅದು ಸಾರ್ವತ್ರಿಕವಾಯಿತು. ಒಂದು ಯಂತ್ರದಲ್ಲಿ 16 ಗುಂಡಿಗಳು. ಪಕ್ಕದಲ್ಲಿ ಬೆರಳಿಗೆ ತಗಲುವ ಕ್ರಮಾಂಕ. ಯಾವ ಕ್ರಮಾಂಕ ಯಾರದೆಂದು ತಿಳಿಸುವ ಬ್ರೈಲ್ ಮಾದರಿಪಟ್ಟಿಯೊಂದನ್ನು ಮತಗಟ್ಟೆಯಲ್ಲಿ ಇಟ್ಟಿರುತ್ತಾರೆ. ಅದನ್ನು ಓದಿ, ಗುಂಡಿಯನ್ನು ತಡವಿ, ಒತ್ತಿದರೆ ಯಂತ್ರವು ಕೂಗಿ ಒಪ್ಪಿಗೆಯನ್ನು ತಿಳಿಸುತ್ತದೆ. ಬ್ರೈಲ್ ಬಾರದವನು ಕೂಡ ಕ್ರಮಾಂಕವನ್ನು ಮೊದಲೇ ಕೇಳಿಕೊಂಡಿದ್ದು ಮೇಲಿನಿಂದ ಗುಂಡಿಗಳನ್ನು ಎಣಿಸಿ ಒತ್ತಬಹುದು.

ಹೀಗೆ ಜ್ಞಾನ, ಕ್ರಿಯೆ, ಗೋಪನಗಳು ಮೂರೂ ಅಂಧನಿಗೆ ಒಟ್ಟಿಗೆ ಲಭಿಸಿದುದು ನಮ್ಮ ಚರಿತ್ರೆಯಲ್ಲಿ ಇದೇ ಮೊದಲು. ದೋಷವು ಇಲ್ಲವೆಂದಲ್ಲ. ಮತವು ಸರಿಯಾಗಿ ಬಿದ್ದಿತೆಂಬುದನ್ನು ತೋರಿಸಲು ತರುವಾಯ ಸೇರಿಸಿದ ವಿವಿಪ್ಯಾಟ್ ಎಂಬ ಯಂತ್ರವು ಒಂದು ಚೀಟಿಯನ್ನು ಗಾಜಿನ ಹಿಂದೆ ಏಳು ಸೆಕೆಂಡುಗಳ ಕಾಲ ತೋರಿಸಿ ಒಳಗೆ ಬೀಳಿಸುತ್ತದೆ. ಆ ಪ್ರಮಾಣವು ಕಣ್ಣಿಗೆ ಮಾತ್ರ, ಕಿವಿಗಿಲ್ಲ, ಕೈಗಿಲ್ಲ. ಆದರೂ ಹಿಂದಿನ ಸ್ಥಿತಿಗೆ ಹೋಲಿಸಿದರೆ ಇದು ಮಹತ್ತರವಾದ ಮುನ್ನಡೆಯೇ ಸರಿ.

ಇದಿಷ್ಟು ಮತಗಟ್ಟೆಯ ಕಥೆ. ಇನ್ನು ಲಕೋಟೆಯ ಕಥೆಯನ್ನು ನೋಡೋಣ. ತಾನಿದ್ದಲ್ಲಿಂದಲೇ ಮತ ಕಳುಹಿಸುವ ಪದ್ಧತಿಯು ಯುದ್ಧದಲ್ಲಿ ಹುಟ್ಟಿದ ಕೂಸು. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗಾಗಿಯೂ, ಇಂಗ್ಲೆಂಡಿನಲ್ಲಿ 1918ರ ಕಾನೂನಿನಿಂದ ಮೊದಲನೆಯ ಮಹಾಯುದ್ಧದ ದಂಡಿನವರಿಗಾಗಿಯೂ ಇದು ಏರ್ಪಟ್ಟಿತು. ನಮ್ಮ ದೇಶದಲ್ಲಿಯೂ ಅಂಚೆ ಮತಪತ್ರವು ಬಹುಕಾಲ ಸೈನಿಕರು, ಚುನಾವಣೆಯ ಕೆಲಸದಲ್ಲಿರುವ ನೌಕರರು, ಮುಂಜಾಗ್ರತೆಯ ಬಂಧನದಲ್ಲಿರುವವರು ಮೊದಲಾದ ಕೆಲವರಿಗೆ ಮಾತ್ರ ಮೀಸಲಾಗಿತ್ತು. ಇವರೆಲ್ಲರೂ ದೂರದಲ್ಲಿರುವವರೇ ಹೊರತು ಕಾಣದವರಲ್ಲ. ಕಣ್ಣುಳ್ಳವನು ಲೇಖನಿ ಹಿಡಿದು ಗುರುತು ಹಾಕತಕ್ಕ ಕಾಗದವೆಂದೇ ಅದು ರಚಿತವಾಯಿತು. ಈ ಜನ್ಮದೋಷವು ಅದನ್ನು ಇಂದಿಗೂ ಬಿಟ್ಟಿಲ್ಲ.

2019ರ ಅಕ್ಟೋಬರ್ 22ರಂದು ನಿಯಮಗಳಿಗೆ ತಿದ್ದುಪಡಿಯಾಗಿ, ಗೈರುಹಾಜರಿ ಮತದಾರರೆಂಬ ಹೊಸ ವರ್ಗವೊಂದು ಸೃಷ್ಟಿಯಾಯಿತು. 80 ವರ್ಷ ಮೀರಿದವರೂ, ನೂರಕ್ಕೆ 40ಕ್ಕೆ ಕಡಮೆಯಿಲ್ಲದ ಅಂಗವೈಕಲ್ಯವುಳ್ಳವರೂ ಇದರಲ್ಲಿ ಸೇರಿದರು. ಆ ವರ್ಷದ ಕೊನೆಯಲ್ಲಿ ಝಾರ್ಖಂಡದ ಕೆಲವು ಕ್ಷೇತ್ರಗಳಲ್ಲಿ ಇದನ್ನು ಮೊದಲು ಪ್ರಯೋಗಿಸಿದರು. ಕರ್ನಾಟಕದಲ್ಲಿ 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ 224 ಕ್ಷೇತ್ರಗಳಲ್ಲಿಯೂ ಇದು ಆಚರಣೆಗೆ ಬಂದಿತು. 2024ರ ಮಾರ್ಚಿನಲ್ಲಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಲಾಯಿತು. ಅಂಗವಿಕಲರ ಷರತ್ತು ಮೊದಲಿನಂತೆಯೇ ಉಳಿಯಿತು.

ಕ್ರಮವು ಹೀಗೆ. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನಗಳೊಳಗೆ 12-ಡಿ ಎಂಬ ನಮೂನೆಯನ್ನು ತುಂಬಿ, ಅಂಗವೈಕಲ್ಯದ ಪ್ರಮಾಣಪತ್ರದ ಪ್ರತಿಯೊಡನೆ ಒಪ್ಪಿಸಬೇಕು. ಅದು ಅಂಗೀಕೃತವಾದೊಡನೆ ಮತದಾರರ ಪಟ್ಟಿಯಲ್ಲಿ ಆತನ ಹೆಸರಿನ ಮುಂದೆ ಅಂಚೆ ಮತದ ಗುರುತು ಬೀಳುತ್ತದೆ. ಅನಂತರ ಅವನು ಮತಗಟ್ಟೆಗೆ ಬಂದರೂ ಮತವಿಲ್ಲ. ಗೊತ್ತಾದ ದಿನ ಅಧಿಕಾರಿಗಳ ತಂಡವು, ಪೊಲೀಸಿನವನೊಡನೆಯೂ ಚಿತ್ರೀಕರಿಸುವವನೊಡನೆಯೂ, ಮನೆಗೆ ಬರುತ್ತದೆ. ಅಭ್ಯರ್ಥಿಗಳ ಪ್ರತಿನಿಧಿಗಳೂ ಬರಬಹುದು. ಮತದಾರನು ಮನೆಯಲ್ಲಿ ಸಿಕ್ಕದಿದ್ದರೆ ಇನ್ನೊಮ್ಮೆ ಬರುತ್ತಾರೆ. ಆಗಲೂ ಸಿಕ್ಕದಿದ್ದರೆ ಅವನ ಮತವು ಆ ಸಲಕ್ಕೆ ಹೋದಂತೆಯೇ. ರಟ್ಟಿನ ಮರೆಯೊಂದನ್ನು ನಿಲ್ಲಿಸಿ, ಮುದ್ರಿತವಾದ ಕಾಗದವನ್ನೂ ಲೇಖನಿಯನ್ನೂ ಕೊಡುತ್ತಾರೆ. ಗುರುತು ಹಾಕಿದ ಕಾಗದವು ಒಳ ಲಕೋಟೆಗೆ. ಒಳ ಲಕೋಟೆಯೂ ಸಹಿಮಾಡಿದ ಘೋಷಣಾಪತ್ರವೂ ಹೊರ ಲಕೋಟೆಗೆ. ಎಣಿಕೆಯ ದಿನ ಮೊದಲು ಘೋಷಣಾಪತ್ರವನ್ನು ಪರೀಕ್ಷಿಸುತ್ತಾರೆ. ಅದರಲ್ಲಿ ಸಹಿಯೋ ದೃಢೀಕರಣವೋ ಇಲ್ಲದಿದ್ದರೆ, ಕ್ರಮಸಂಖ್ಯೆಯು ಲಕೋಟೆಗೆ ಹೊಂದದಿದ್ದರೆ, ಒಳ ಲಕೋಟೆಯನ್ನು ಒಡೆಯದೆಯೇ ಮತವನ್ನು ತಿರಸ್ಕರಿಸುತ್ತಾರೆ.

ವಾಚಕರು ಕಣ್ಣು ಮುಚ್ಚಿಕೊಂಡು ಈ ಕ್ರಮವನ್ನು ಮನಸ್ಸಿನಲ್ಲಿಯೇ ಆಚರಿಸಿ ನೋಡಬೇಕು. ನಮೂನೆಯು ಕಾಣದು, ಅದನ್ನು ಓದಿಹೇಳಲು ಒಬ್ಬರು ಬೇಕು. ಮತಪತ್ರದ ಕಾಗದವು ನುಣುಪು. ಯಾವ ಹೆಸರು ಎಲ್ಲಿದೆಯೆಂದು ಬೆರಳಿಗೆ ತಿಳಿಯದು. ತಲೆಕೆಳಗಾಗಿ ಹಿಡಿದಿದ್ದರೂ ಗೊತ್ತಾಗದು. ಗುರುತು ಎರಡು ಹೆಸರುಗಳ ನಡುವೆ ಬಿದ್ದರೆ ಮತವು ಕುಲಗೆಟ್ಟಿತು. ಲಕೋಟೆಗಳಲ್ಲಿ ಯಾವುದು ಒಳಗಿನದು, ಯಾವುದು ಹೊರಗಿನದೆಂದು ಅಳತೆಯಿಂದ ಊಹಿಸಬಹುದು. ಘೋಷಣಾಪತ್ರದಲ್ಲಿ ಸಹಿಯ ಜಾಗವನ್ನು ಊಹಿಸಲಾಗದು. ಆದುದರಿಂದ ಮೊದಲಿನಿಂದ ಕೊನೆಯವರೆಗೆ ಸಂಗಾತಿಯೇ ಗತಿ. ಮತಗಟ್ಟೆಯಲ್ಲಿ ಯಂತ್ರದಿಂದ ಅಂಧನಿಗೆ ದೊರೆತ ಮೂರು ಅಂಗಗಳಲ್ಲಿ ಒಂದಾದರೂ ಅವನ ಮನೆಯ ಜಗಲಿಯಲ್ಲಿ ಪೂರ್ಣವಾಗಿ ಉಳಿಯುವುದಿಲ್ಲ. ಅಂಧರ ಉಪಕಾರಕ್ಕೆಂದು ಬಂದ ಏರ್ಪಾಡು ಅವರನ್ನು ಯಂತ್ರದ ಕಾಲದಿಂದ ಮತ್ತೆ 1962ಕ್ಕೆ ಕರೆದೊಯ್ಯುತ್ತದೆ.

ನಮ್ಮ ಸೀಮೆಯಲ್ಲಿ ಇದರ ಭಾರವು ಮತ್ತಷ್ಟು. ಹೊರನಾಡಿನಿಂದ ಜಿಲ್ಲೆಯ ಕೇಂದ್ರವಾದ ಚಿಕ್ಕಮಗಳೂರಿಗೆ ಸುಮಾರು ನೂರು ಕಿಲೋಮೀಟರು ಘಟ್ಟದ ದಾರಿ. ಪ್ರಮಾಣಪತ್ರವಿಲ್ಲದವನು ಅದಕ್ಕಾಗಿ ವೈದ್ಯರಲ್ಲಿಗೆ ಅಲೆಯುವಷ್ಟರಲ್ಲಿ ಐದು ದಿನಗಳ ಅವಧಿಯು ಎಂದೋ ಮುಗಿದಿರುತ್ತದೆ. ಮನೆಗಳು ಊರಿನಂತೆ ಒತ್ತಾಗಿಲ್ಲ, ತೋಟಕ್ಕೊಂದು, ಗುಡ್ಡಕ್ಕೊಂದು. ಚುನಾವಣೆಯ ಕಾಲವಾದ ಏಪ್ರಿಲ್ ಮೇ ತಿಂಗಳುಗಳಲ್ಲಿ ಹೂಮಳೆಯ ಹಿಂದೆಯೇ ಸಿಡಿಲುಮಳೆ ಹಿಡಿದರೆ ದೂರವಾಣಿಯೂ ದೀಪವೂ ಒಟ್ಟಿಗೆ ನಿಲ್ಲುವುದುಂಟು. ತಂಡವು ಇಂಥ ದಿನ ಬರುವುದೆಂಬ ಸುದ್ದಿ ಲೈನಿನಲ್ಲಿ ವಾಸಿಸುವ ಕೂಲಿಯವನಿಗೆ ಮುಟ್ಟದೆ ಹೋಗಬಹುದು. ಇನ್ನು ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಓದುತ್ತಿರುವ ಅಂಧ ವಿದ್ಯಾರ್ಥಿಯ ಹೆಸರು ಕಳಸದ ಪಟ್ಟಿಯಲ್ಲಿದ್ದರೆ, ಅಲ್ಲಿನ ಪಟ್ಟಿಗೆ ಹೆಸರನ್ನು ವರ್ಗಾಯಿಸಿಕೊಳ್ಳದ ಹೊರತು, ಅವನು ಊರಿಗೆ ಬರಲೇಬೇಕು. ಇದ್ದಲ್ಲಿಗೆ ಮತಪತ್ರವನ್ನು ತರಿಸಿಕೊಳ್ಳುವ ಮಾರ್ಗವು ಅವನಿಗಿಲ್ಲ.

ಕಳಸದ ಸಮೀಪದ ಕಾಫಿ ತೋಟವೊಂದರಲ್ಲಿ ಬಹುಕಾಲ ರೈಟರಾಗಿದ್ದು ನಿವೃತ್ತರಾದ ವೃದ್ಧರೊಬ್ಬರು ನನಗೆ ಪರಿಚಿತರು. ಕಣ್ಣಿನ ಒತ್ತಡದ ರೋಗದಿಂದ ದೃಷ್ಟಿ ಹೋಗಿ ಅನೇಕ ವರ್ಷಗಳಾದುವು. 2018ರ ಚುನಾವಣೆಯಲ್ಲಿ ಅವರು ಶಾಲೆಯ ಮತಗಟ್ಟೆಗೆ ಹೋಗಿ ಗುಂಡಿಗಳನ್ನು ತಾವೇ ಎಣಿಸಿ ಒತ್ತಿದ್ದರು. 2023ರಲ್ಲಿ ಕಾಲಿನ ನೋವಿನಿಂದ ನಡೆಯಲಾರದೆ 12-ಡಿ ಕೊಟ್ಟರು. ತಂಡದವರು ಬಂದರು, ಬಹು ಮರ್ಯಾದೆಯಿಂದ ನಡೆದುಕೊಂಡರು. ಗುರುತು ಹಾಕಿದವನು ಮಗ. ತಂದೆಮಕ್ಕಳ ಪಕ್ಷಗಳು ಬೇರೆ ಬೇರೆಯೆಂಬುದು ನೆರೆಹೊರೆಗೆಲ್ಲ ಗೊತ್ತು. ಆ ಬಳಿಕ ಒಂದು ದಿನ ಅವರು ನನ್ನೊಡನೆ ಹೇಳಿದ ಮಾತು ಇದು: “ಮೇಷ್ಟ್ರೇ, ನನ್ನ ಮಗ ಸುಳ್ಳು ಹೇಳುವವನಲ್ಲ. ಆದರೆ ಅವನು ಹಾಕಿದನೆಂದು ನಂಬುವುದು ಬೇರೆ, ನಾನು ಹಾಕಿದೆನೆಂದು ತಿಳಿಯುವುದು ಬೇರೆ.” ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ 2024ರ ಏಪ್ರಿಲ್ 26ರಂದು ಚುನಾವಣೆಯಾದಾಗ ಅವರು ನಮೂನೆಯನ್ನು ಕೊಡಲಿಲ್ಲ. ಜೀಪಿನಲ್ಲಿ ಕುಳಿತು, ಇಬ್ಬರ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲು ಹತ್ತಿ, ಮರೆಯೊಳಕ್ಕೆ ಒಬ್ಬರೇ ಹೋದರು. ಕಾಲಿನ ನೋವಿಗಿಂತ ಆ ಸಂಶಯದ ನೋವು ಅವರಿಗೆ ದೊಡ್ಡದಾಗಿತ್ತು. ನಂಬಿಕೆಗೂ ತಿಳಿವಿಗೂ ಇರುವ ಅಂತರವನ್ನು ಪ್ರಮಾಣಶಾಸ್ತ್ರವನ್ನು ಓದಿದ ನಾವು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರೆವು.

ಈ ಕಷ್ಟವು ನಮ್ಮದೊಂದೇ ದೇಶದ್ದಲ್ಲ. ಅಮೆರಿಕದ ಮೇರಿಲೆಂಡ್ ಸಂಸ್ಥಾನದಲ್ಲಿ ಅಂಧರ ರಾಷ್ಟ್ರೀಯ ಒಕ್ಕೂಟವು, ಮನೆಯಲ್ಲಿ ಹಾಕುವ ಮತವನ್ನೂ ಅನ್ಯರ ನೆರವಿಲ್ಲದೆ ಗುಟ್ಟಾಗಿ ಹಾಕುವ ಹಕ್ಕು ತಮಗುಂಟೆಂದು ವ್ಯಾಜ್ಯ ಹೂಡಿತು. ಮತಗಟ್ಟೆಗೆ ಹೋದರೆ ಯಂತ್ರವಿದೆಯಲ್ಲವೆಂಬ ಸರ್ಕಾರದ ಸಮಾಧಾನವನ್ನು ಮೇಲ್ಮನವಿಯ ನ್ಯಾಯಾಲಯವು 2016ರಲ್ಲಿ ಒಪ್ಪದೆ, ಗಣಕಯಂತ್ರದ ಸಹಾಯದಿಂದ ಅವರು ಮನೆಯಲ್ಲಿಯೇ ಗುರುತು ಹಾಕಿಕೊಳ್ಳುವಂತೆ ಏರ್ಪಡಿಸಬೇಕೆಂಬ ತೀರ್ಪನ್ನು ಎತ್ತಿಹಿಡಿಯಿತು. ಇಂಗ್ಲೆಂಡಿನಲ್ಲಿ ಕಾಗದದ ಮೇಲೆ ಅಂಟಿಸುವ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಕೊಡುತ್ತಿದ್ದರು. ಅದರಿಂದ ಗುರುತು ಹಾಕುವ ಜಾಗವು ತಿಳಿಯುವುದೇ ಹೊರತು ಹೆಸರು ತಿಳಿಯದೆಂದು ಅಂಧ ಮಹಿಳೆಯೊಬ್ಬರು ಮೊರೆಯಿಡಲು, 2019ರಲ್ಲಿ ಉಚ್ಚ ನ್ಯಾಯಾಲಯವು ಅವರ ಪರವಾಗಿ ನಿರ್ಣಯಿಸಿತು. ನ್ಯೂಜಿಲೆಂಡಿನಲ್ಲಿ 2014ರಿಂದ ಅಂಧರು ದೂರವಾಣಿಯ ಮೂಲಕ ಮತವನ್ನು ಹೇಳಿ ಬರೆಯಿಸುವ ಕ್ರಮವುಂಟು. ಬರೆದುಕೊಳ್ಳುವವರಿಗೆ ಹೇಳುವವರ ಹೆಸರು ತಿಳಿಯದಂತೆ ಗುಪ್ತಸಂಖ್ಯೆಯನ್ನು ಉಪಯೋಗಿಸುತ್ತಾರೆ. ಅಲ್ಲಿ ಪಿಸುಗುಟ್ಟುವಿಕೆಯು ಉಳಿದಿದೆ, ಆದರೆ ಪಿಸುಗುಟ್ಟಿದವನಾರೆಂಬುದು ಕೇಳಿದ ಕಿವಿಗೆ ತಿಳಿಯದು.

ಇವೆಲ್ಲಕ್ಕಿಂತ ನಮಗೆ ಹೊಂದತಕ್ಕದ್ದು ಜರ್ಮನಿಯ ಉಪಾಯವೆಂದು ನನಗೆ ತೋರುತ್ತದೆ. ಅಲ್ಲಿ ಮತಪತ್ರದ ಬಲಮೇಲಿನ ಮೂಲೆಯನ್ನು ಕತ್ತರಿಸಿಯೋ ತೂತು ಮಾಡಿಯೋ ಇರುತ್ತಾರೆ. ಆ ಗುರುತಿನಿಂದ ಕಾಗದವು ನೆಟ್ಟಗಿದೆಯೆಂದು ಬೆರಳಿಗೆ ತಿಳಿಯುತ್ತದೆ. ಅಂಧರ ಸಂಘಗಳು ಆ ಕಾಗದದ ಅಳತೆಗೆ ಸರಿಯಾಗಿ, ಗುರುತಿನ ಜಾಗಗಳಲ್ಲಿ ಕಿಂಡಿಗಳುಳ್ಳ ಅಚ್ಚೊಂದನ್ನು ಮಾಡಿಸಿ ಬೇಡಿದವರಿಗೆ ಧರ್ಮಾರ್ಥವಾಗಿ ಕಳುಹಿಸುತ್ತವೆ. ಹೆಸರುಗಳ ಕ್ರಮವನ್ನು ಧ್ವನಿಮುದ್ರಣದಲ್ಲಿ ಕೇಳಿ, ಕಿಂಡಿಗಳನ್ನು ಎಣಿಸಿ, ತಾನೇ ಗುರುತು ಹಾಕಬಹುದು. ಮತಗಟ್ಟೆಯಲ್ಲಿಯೂ ಮನೆಯಲ್ಲಿಯೂ ಅದೇ ಅಚ್ಚು. ವಿದ್ಯುತ್ತು ಬೇಡ, ಯಂತ್ರ ಬೇಡ. ಮುದ್ರಣಾಲಯ ಮತ್ತು ರಟ್ಟು ಇದ್ದರೆ ಸಾಕು. ನಮ್ಮ ಮತಗಟ್ಟೆಗಳಿಗೆಂದು ಬ್ರೈಲ್ ಮಾದರಿಪಟ್ಟಿಯು ಹೇಗೂ ಅಚ್ಚಾಗುತ್ತದೆ. ಅದರ ಒಂದು ಪ್ರತಿಯನ್ನೂ ಕಿಂಡಿಯ ಅಚ್ಚನ್ನೂ ಮನೆಗೆ ಬರುವ ತಂಡವು ಚೀಲದಲ್ಲಿ ತರುವುದು ದುಸ್ಸಾಧ್ಯವೇ? ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡವರಿಗೆ ಬ್ರೈಲ್ ಬಾರದಾದುದರಿಂದ, ಅಧಿಕಾರಿಯು ಹೆಸರುಗಳನ್ನು ಕ್ರಮವಾಗಿ ಗಟ್ಟಿಯಾಗಿ ಓದಿ, ಗುರುತು ಹಾಕುವಾಗ ದೂರ ಸರಿದು ನಿಂತರೆ ಸಾಕು. ಆಗ ಜ್ಞಾನವೂ ಕ್ರಿಯೆಯೂ ಗೋಪನವೂ ಆ ಜಗಲಿಯ ಮೇಲೆಯೇ ಒದಗುತ್ತವೆ.

ಇಷ್ಟು ಸ್ವಲ್ಪ ಮಂದಿಗಾಗಿ ಇಷ್ಟು ಪ್ರಯಾಸವೇಕೆ, ಸಂಗಾತಿಯಿಂದ ಕೆಲಸ ನಡೆಯುತ್ತಿದೆಯಲ್ಲ ಎಂಬ ಆಕ್ಷೇಪವು ಬರಬಹುದು. ಇದಕ್ಕೆ ಉತ್ತರವು ಶಾಸನದಲ್ಲಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾನೂನಿನ 11ನೆಯ ಕಲಮು, ಚುನಾವಣೆಗೆ ಸಂಬಂಧಿಸಿದ ಸಕಲ ಸಾಮಗ್ರಿಯೂ ಅವರಿಗೆ ಸುಲಭವಾಗಿ ತಿಳಿಯುವಂತಿರಬೇಕೆಂದು ವಿಧಿಸುತ್ತದೆ. ಭಾರತವು 2007ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 29ನೆಯ ಅನುಚ್ಛೇದವೂ ಗುಪ್ತಮತದ ಹಕ್ಕನ್ನು ಅವರಿಗೆ ಸ್ಪಷ್ಟವಾಗಿ ಕೊಡುತ್ತದೆ. ಸಾಮಗ್ರಿಯೆಂದರೆ ಯಂತ್ರ ಮಾತ್ರವಲ್ಲ. ನಮೂನೆಯೂ ಮತಪತ್ರವೂ ಲಕೋಟೆಯೂ ಸಾಮಗ್ರಿಯೇ. ಮನೆಗೆ ತಂಡವನ್ನು ಕಳುಹಿಸಿದ ಸರ್ಕಾರದ ಸದ್ಭಾವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಂಗಾತಿಯ ಮೂಲಕ ಮಾತ್ರ ಮತ ಹಾಕಿಸುವುದು ಗ್ರಾಸಾಚ್ಛಾದನದ ಮಾದರಿಯದು. ಅಂಧನು ಕೇಳುತ್ತಿರುವುದು ತನ್ನ ಅಂಶವನ್ನು.

ಶಾಸನವು ತಿದ್ದಿಕೊಳ್ಳುವವರೆಗೆ ನಾವು ಸುಮ್ಮನಿರಬೇಕಾದುದಿಲ್ಲ. ವಿದ್ಯಾವಂತರ ಮನೆಗಳಿಗೆ ಇಲ್ಲಿ ಮಾಡತಕ್ಕ ಕೆಲಸವುಂಟು. ನಮ್ಮ ನೆರೆಯಲ್ಲಿ ಕಾಣದವರಿದ್ದರೆ, ಚುನಾವಣೆಯ ಗಲಾಟೆಗೆ ಬಹುಮುಂಚೆಯೇ ಅವರ ಪ್ರಮಾಣಪತ್ರವನ್ನು ಮಾಡಿಸಿಡಬಹುದು. 12-ಡಿ ನಮೂನೆಯನ್ನು ಆದ್ಯಂತವಾಗಿ ಓದಿಹೇಳಿ, ಅದನ್ನು ಕೊಟ್ಟರೆ ಮತಗಟ್ಟೆಯ ಬಾಗಿಲು ಆ ಸಲಕ್ಕೆ ಮುಚ್ಚುವುದೆಂಬುದನ್ನೂ ಮರೆಮಾಚದೆ ತಿಳಿಸಬಹುದು. ಬರಬಲ್ಲವರಿಗೆ ಜೀಪಿನಲ್ಲಿ ಒಂದು ಸ್ಥಳವನ್ನು ಬಿಡಬಹುದು. ಅಭ್ಯರ್ಥಿಗಳ ಕ್ರಮಾಂಕವನ್ನು ಎಲ್ಲ ಪಕ್ಷಗಳವನ್ನೂ ಸೇರಿಸಿ, ನಮಗೆ ಬೇಕಾದ ಒಂದನ್ನೇ ಒತ್ತಿ ಹೇಳದೆ, ಓದಿಸಬಹುದು. ಸಂಗಾತಿಯಾಗಿ ಹೋಗಬೇಕಾಗಿ ಬಂದವರು ಸಂಜಯನನ್ನು ನೆನೆದು, ಹೇಳಿದಂತೆ ಮಾಡಿ, ಮಾಡಿದುದನ್ನು ಮರೆತುಬಿಡಬೇಕು.

ಹೊರನಾಡು ಅನ್ನಪೂರ್ಣೆಯ ಕ್ಷೇತ್ರ. ಬಂದವನು ಯಾರು, ಎಲ್ಲಿಯವನು, ಕಣ್ಣುಂಟೋ ಇಲ್ಲವೋ ಎಂದು ಕೇಳದೆ ಅಲ್ಲಿ ಎಲೆ ಹಾಕಿ ಬಡಿಸುತ್ತಾರೆ. ಎಲೆಯ ಮುಂದೆ ಕುಳಿತ ಅಂಧನು ತನ್ನ ಕೈಯಿಂದಲೇ ಕಲಸಿ ಉಣ್ಣುತ್ತಾನೆ. ಇನ್ನೊಬ್ಬರು ಉಂಡು ನೀನು ಉಂಡೆಯೆಂದು ಅವನಿಗೆ ಹೇಳುವುದಿಲ್ಲ. ಮತದ ವಿಷಯದಲ್ಲಿಯೂ ಅಷ್ಟೇ ಆಗಬೇಕು. ರಾಜ್ಯವು ಅವನ ಮನೆಯ ಬಾಗಿಲಿಗೆ ಲಕೋಟೆಯನ್ನು ತಂದುದು ಸಂತೋಷ. ಇನ್ನು ಆ ಕಾಗದಕ್ಕೆ ಬೆರಳಿಗೆ ತಿಳಿಯುವ ಒಂದು ತೂತನ್ನು ಮಾಡಿಕೊಟ್ಟರೆ ಕಾರ್ಯವು ಪೂರ್ಣವಾದೀತು.